ಬಿಸಿಲಿಗೆ ಬೆನ್ನು ಹಾಕಿ ಬಸ್ಸು ಬಿಟ್ಟವರು

ಮೊನ್ನೆ ಕುಕ್ಕುಂದೂರಿನಲ್ಲಿ ಒಂದು ಬೊಜ್ಜದ ಊಟಕ್ಕೆ ಹೋಗಿದ್ದೆ. ಉತ್ತರಕ್ರಿಯೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಒಂದು ಎಲೆಯಲ್ಲಿ ಬಡಿಸಿ, ಬಾಗಿಲು ಎಳೆದು, ಅವರನ್ನು ಅವರ ಪಾಡಿಗೆ ಉಣ್ಣಲು ಬಿಡುವುದು ನಮ್ಮಲ್ಲಿ ಕ್ರಮ. ಎಲೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಕೋಳಿ, ಎರಡು ಗೋಳಿಬಜೆ ಎಲ್ಲ ಇತ್ತು. ಬಾಗಿಲು ಎಳೆಯುವ ಮೊದಲು ಒಬ್ಬರು ಮುಂದೆ ಬಂದು ಎಲೆಯ ಬದಿಯಲ್ಲಿ ಒಂದು ಕ್ವಾರ್ಟರ್ ಬಾಟಲಿ ಇಟ್ಟರು. ಸತ್ತವರ ಜೊತೆ ಬಹಳ ವರ್ಷ ಒಂದೇ ಬಸ್ಸಿನಲ್ಲಿ ದುಡಿದ ಕಂಡಕ್ಟರು ಅವರು. ಕ್ರಿಶ್ಚಿಯನ್ ಜನ, ನಾವೆಲ್ಲ ಪ್ರೀತಿಯಿಂದ ಪೊರ್ಬುಗಳು ಎಂದೇ ಕರೆಯುವುದು.

"ಅಲ್ಲಿ ಹೋದ ಮೇಲಾದರೂ ಯಾರ ಕಾಟವೂ ಇಲ್ಲದೆ ಕುಡಿಯಲಿ ಪಾಪ" ಎಂದರು. ಕಣ್ಣು ಒರೆಸಿಕೊಂಡರು. ತಮಾಷೆಗೆ ಇಟ್ಟದ್ದಲ್ಲ.

ಸತ್ತವರ ಅಕ್ಕನ ಮಗಳು, ಕಾಪುವಿಗೆ ಕೊಟ್ಟ ಹುಡುಗಿ, ಬಂದು ಆ ಬಾಟಲಿಯನ್ನು ಎತ್ತಿ ಬದಿಗೆ ಇಟ್ಟಳು.

"ಎಂತ ಅಕ್ಕ? ಅವರಿಗೆ ಬೇಕಾದ್ದು ಅದೇ ಅಲ್ವಾ?" ಎಂದರು ಪೊರ್ಬುಗಳು.

"ಅವರಿಗೆ ಬೇಕಾಗಿರಲಿಲ್ಲ."

ಅಷ್ಟೇ ಹೇಳಿ ಬಾಗಿಲು ಎಳೆದಳು. ಚಪ್ಪರದ ಅಡಿಯಲ್ಲಿ ಗುಸುಗುಸು ಶುರುವಾಯಿತು. ದೊಡ್ಡ ಮನೆಗೆ ಹೋದ ಮೇಲೆ ಮಾವನ ಕುಡಿತಕ್ಕೆ ನಾಚಿಕೆ ಆಗುತ್ತದೆ ಇವಳಿಗೆ, ಎಂದರು ಯಾರೋ. ಕೈಯಲ್ಲಿದ್ದ ಪಾಯಸವನ್ನು ನಾನು ಕೆಳಗಿಟ್ಟೆ. ಯಾಕೆಂದರೆ ಆ ಮನುಷ್ಯ ಜೀವಮಾನದಲ್ಲಿ ಕುಡಿದದ್ದು ಒಂದೇ ಒಂದು ಗ್ಲಾಸು. ಅದನ್ನು ಕುಡಿಯುವಾಗ ನಾನು ಪಕ್ಕದಲ್ಲಿದ್ದೆ.

ಊಟ ಆಗಿ ಹೊರಡುವಾಗ ಅವಳು ಗೇಟಿನವರೆಗೆ ಬಂದಳು. "ರೈಟ್ರೆ, ನೀವು ಅದು ಇದು ಬರೆಯುತ್ತೀರಲ್ವಾ, ಇದನ್ನೂ ಬರೆಯಿರಿ. ಹೆಸರು ಮಾತ್ರ ಬೇಡ" ಎಂದಳು. ಹಾಗಾಗಿ ಹೆಸರಿಲ್ಲ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಕಾರ್ಕಳದಿಂದ ಉಡುಪಿಗೆ ಓಡುವ ಒಂದು ಖಾಸಗಿ ಬಸ್ಸಿನ ಡ್ರೈವರು ಅವರು. ನಾನು ಮಣಿಪಾಲದ ಒಂದು ಕಚೇರಿಯಲ್ಲಿ ರೈಟರು, ಅಂದರೆ ಗುಮಾಸ್ತ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನನ್ನ ಬೆಳಿಗ್ಗೆ, ಸಂಜೆ ಎರಡೂ ಅವರ ಬಸ್ಸಿನಲ್ಲೇ. ಇಂಜಿನ್ ಪಕ್ಕದ ಸೀಟಿನಲ್ಲಿ ಕುಳಿತರೆ ಕಾಲು ಸುಡುತ್ತದೆ ಎಂದು ಬೇರೆ ಯಾರೂ ಕುಳಿತುಕೊಳ್ಳುತ್ತಿರಲಿಲ್ಲ. ನನಗೆ ಅವರ ಮಾತಿನ ಆಸೆ. ಅಜ್ಜಿಯ ಮಡಿಲಲ್ಲಿ ಕಥೆ ಕೇಳಿ ಬೆಳೆದವನಿಗೆ ಕಾಲು ಸುಟ್ಟರೂ ಅಡ್ಡಿಯಿಲ್ಲ.

ನಮ್ಮ ಕಡೆಯ ಬಸ್ಸು ಡ್ರೈವರುಗಳೆಂದರೆ ಗಾಳಿಗೆ ಹುಟ್ಟಿದವರು. ಒಂದು ನಿಮಿಷದ ಟೈಮಿಂಗಿಗೆ ರಸ್ತೆ ಮಧ್ಯದಲ್ಲಿ ಬಸ್ಸು ಅಡ್ಡ ನಿಲ್ಲಿಸಿ ಜಗಳ ಮಾಡುವವರು. ಇವರು ಹಾಗಲ್ಲ. ಬೈಲೂರಿನ ಮುದುಕಿಯೊಬ್ಬಳು ಕೈ ಎತ್ತಿ, ಮತ್ತೆ ಮನೆಗೆ ಹೋಗಿ, ಮರೆತ ಚೀಲ ತರುವವರೆಗೆ ಇಂಜಿನ್ ಗುರುಗುಟ್ಟಿಸುತ್ತಾ ಕಾಯುತ್ತಿದ್ದರು. ಹಿಂದಿನಿಂದ ಯಾರಾದರೂ, "ಬೇಗ ಬಿಡಿ ಮಾರಾಯ್ರೆ, ಆಫೀಸಿಗೆ ತಡ ಆಯಿತು" ಎಂದರೆ, "ನಿನ್ನೆಯೇ ಹೊರಟಿದ್ದರೆ ಇಷ್ಟು ಹೊತ್ತಿಗೆ ತಲುಪುತ್ತಿದ್ದಿರಿ" ಎನ್ನುತ್ತಿದ್ದರು. ಪೊರ್ಬುಗಳು "ರೈಟ್ ಪೋಯಿ" ಎಂದು ಕೂಗಿದರೂ, ಹತ್ತಿದ ಹೆಂಗಸು ಕುಳಿತಳೆಂದು ಖಾತ್ರಿಯಾಗದೆ ಕ್ಲಚ್ಚು ಬಿಡುತ್ತಿರಲಿಲ್ಲ.

ಸೀಟಿನಿಂದ ಇಳಿಯುವುದು ಅವರಿಗೆ ಒಂದು ದೊಡ್ಡ ಕೆಲಸ. ಮೊದಲು ಎರಡೂ ಕಾಲು ಹೊರಗೆ. ಮತ್ತೆ ಬಾಗಿಲಿನ ಸರಳು ಹಿಡಿದು ಸ್ವಲ್ಪ ಹೊತ್ತು ಹಾಗೇ. "ನಾನು ಇಳಿಯುವುದಾದರೆ ಮೊದಲು ಸೊಂಟ ಒಪ್ಪಬೇಕು" ಎನ್ನುತ್ತಿದ್ದರು. ಯಾರಾದರೂ ಬದಿಯಿಂದ ಕರೆದರೆ ಕುತ್ತಿಗೆ ತಿರುಗಿಸುತ್ತಿರಲಿಲ್ಲ. ಇಡೀ ಮೈಯೇ ಕಪಾಟಿನ ಹಾಗೆ ತಿರುಗುತ್ತಿತ್ತು. ಗೊತ್ತಿಲ್ಲದವರು ಜಂಬ ಎಂದುಕೊಳ್ಳುತ್ತಿದ್ದರು. ಡ್ರೈವರುಗಳ ಸೊಂಟ ನೋವು ಯಾರಿಗೂ ಹೊಸತಲ್ಲವಾದ್ದರಿಂದ ಅದರ ಬಗ್ಗೆ ಯಾರೂ ಯೋಚಿಸಲಿಲ್ಲ.

ಜನ ಯೋಚಿಸಿದ್ದು ಅವರ ಕಣ್ಣಿನ ಬಗ್ಗೆ. ಎರಡು ಮೂರು ತಿಂಗಳಿಗೊಮ್ಮೆ ಇದ್ದಕ್ಕಿದ್ದಂತೆ ಅವರು ಬಸ್ಸಿಗೆ ಬರುತ್ತಿರಲಿಲ್ಲ. ಒಂದು ವಾರ ಬದಲಿ ಡ್ರೈವರು. ಮತ್ತೆ ಬಂದಾಗ ಕಪ್ಪು ಕೂಲಿಂಗ್ ಗ್ಲಾಸು, ಅದರ ಬದಿಯಿಂದ ಕಾಣುವ ಕೆಂಪು ಕಣ್ಣು, ಊದಿದ ರೆಪ್ಪೆ. ಮಧ್ಯಾಹ್ನ ಉಡುಪಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತರೆ ಹಿಂದಿನ ಉದ್ದ ಸೀಟಿನಲ್ಲಿ ಒದ್ದೆ ಬೈರಾಸು ಮುಖಕ್ಕೆ ಹಾಕಿ ಮಲಗಿಬಿಡುತ್ತಿದ್ದರು. ಇದನ್ನೆಲ್ಲ ಕೂಡಿಸಿದರೆ ಊರಿಗೆ ಸಿಗುವ ಉತ್ತರ ಒಂದೇ.

"ಅಣ್ಣನಿಗೆ ಈ ಸಲ ಸ್ವಲ್ಪ ಜಾಸ್ತಿ ಆಯಿತು" ಎಂದು ಪೊರ್ಬುಗಳು ಟಿಕೇಟು ಹರಿಯುತ್ತಾ ಘೋಷಿಸುತ್ತಿದ್ದರು. "ತಿಂಗಳೆಲ್ಲ ಉಪವಾಸ, ಮತ್ತೆ ಒಂದೇ ಸಲ ಪಾರಣೆ. ಅದೊಂದು ವ್ರತ ನೋಡಿ."

ಬಸ್ಸು ನಗುತ್ತಿತ್ತು. ಅವರೂ ನಗುತ್ತಿದ್ದರು. ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಎನ್ನುತ್ತಿರಲಿಲ್ಲ.

ಇನ್ನೊಂದು ವಿಚಿತ್ರ ಇತ್ತು. ಕಾರ್ಕಳ ಮೂಡಿನಲ್ಲಿ, ಉಡುಪಿ ಪಡುವಿನಲ್ಲಿ. ಸಂಜೆ ಉಡುಪಿಗೆ ಹೋಗುವ ಬಸ್ಸಾದರೆ ಪರ್ಕಳ ದಾಟುವಾಗ ಸೂರ್ಯ ಸೀದಾ ಡ್ರೈವರನ ಮುಖಕ್ಕೇ ಬರುತ್ತಾನೆ. ಬಸ್ಸಿನ ಧಣಿಗಳಿಗೆ ನಾಲ್ಕೈದು ಬಸ್ಸುಗಳಿದ್ದವು. ಇವರು ಹಠ ಹಿಡಿದು, ಹೆಚ್ಚು ಬಾಟ, ಅಂದರೆ ದಿನದ ಭತ್ಯೆ, ಸಿಗುವ ಟೈಮುಗಳನ್ನೆಲ್ಲ ಬಿಟ್ಟು, ಬೆಳಿಗ್ಗೆ ಕಾರ್ಕಳದಿಂದ ಹೊರಟು ಸಂಜೆ ಉಡುಪಿಯಿಂದ ಹಿಂದೆ ಬರುವ ಬಸ್ಸನ್ನೇ ಹಿಡಿದುಕೊಂಡಿದ್ದರು. ಬೆಳಿಗ್ಗೆಯೂ ಸೂರ್ಯ ಬೆನ್ನಿಗೆ, ಸಂಜೆಯೂ ಬೆನ್ನಿಗೆ. ಸಂಜೆ ಕಾರ್ಕಳದಲ್ಲಿ ಬಾರಿಗೆ ಹತ್ತಿರವಾಗುತ್ತದೆ ಎಂದು ಹಾಗೆ ಮಾಡಿದ್ದು ಎಂದರು ಜನ. ಈಚಲು ಮರದ ಬುಡದಲ್ಲಿ ಕುಳಿತು ಮಜ್ಜಿಗೆ ಕುಡಿದರೂ ಕಳ್ಳು ಎನ್ನುತ್ತಾರೆ, ಎಂದು ಅಜ್ಜಿ ಹೇಳುತ್ತಿದ್ದಳು. ಇವರು ಬೇಕೆಂದೇ ಆ ಬುಡದಲ್ಲಿ ಕುಳಿತವರು ಎಂದು ನನಗೆ ಗೊತ್ತಾಗಲು ಸಮಯ ಹಿಡಿಯಿತು.

ಒಂದು ಮಧ್ಯಾಹ್ನ ಕಚೇರಿಯ ಕೆಲಸದ ಮೇಲೆ ಮಣಿಪಾಲದ ರಸ್ತೆಯಲ್ಲಿ ಬರುತ್ತಿದ್ದೆ. ಅಂಗಡಿಯೊಂದರ ಬದಿ ಗೋಡೆಗೆ ಮುಖ ಮಾಡಿ ಒಬ್ಬರು ನಿಂತಿದ್ದರು. ಮೂತ್ರಕ್ಕೆ ನಿಂತದ್ದೆಂದು ದಾಟಿ ಹೋಗಬೇಕು ಎನ್ನುವಾಗ, ನಿಂತ ಭಂಗಿ ಪರಿಚಯದ್ದು ಅನ್ನಿಸಿತು. ಎರಡೂ ಅಂಗೈಗಳಿಂದ ಕಣ್ಣು ಒತ್ತಿ ಹಿಡಿದಿದ್ದರು. ಕೆನ್ನೆಯಲ್ಲಿ ನೀರು ಇಳಿಯುತ್ತಿತ್ತು.

"ಎಂತ ಆಯಿತು ಡ್ರೈವರೇ?"

"ಯಾರು, ರೈಟರಾ? ಕೈ ಕೊಡಿ. ಆಸ್ಪತ್ರೆಗೆ ಹೊರಟವ, ಬಿಸಿಲಿಗೆ ಕಣ್ಣು ಬಿಡಲಿಕ್ಕೇ ಆಗುವುದಿಲ್ಲ. ಸೂಜಿ ಹೆಟ್ಟಿದ ಹಾಗೆ."

ಹತ್ತಿರ ಹೋದೆ. ವಾಸನೆ ಬರುತ್ತದೋ ಎಂದು ಮೂಗು ತಾನಾಗಿಯೇ ಎಳೆದುಕೊಂಡಿತು. ಅದು ಅವರಿಗೆ ತಿಳಿಯಿತು. "ಬರುವುದಿಲ್ಲ ರೈಟ್ರೆ. ನಾನು ಮುಟ್ಟಿದವನೇ ಅಲ್ಲ" ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಯಂತ್ರದ ಮುಂದೆ ಕೂರಿಸಿ ಬೆಳಕು ಬಿಟ್ಟಾಗ ಅಷ್ಟು ದೊಡ್ಡ ಮನುಷ್ಯ ಮಗುವಿನ ಹಾಗೆ ಮುಖ ಹಿಂದೆ ಎಳೆದುಕೊಂಡರು. ಇದು ಹೊರಗಿನ ಕಣ್ಣುಬೇನೆ ಅಲ್ಲ, ಕಣ್ಣಿನ ಒಳಗೆ ಉರಿಯೂತ, ಮತ್ತೆ ಮತ್ತೆ ಬರುವಂಥದ್ದು, ಬಂದ ಕೂಡಲೇ ಔಷಧ ಬಿಡದಿದ್ದರೆ ಕಣ್ಣೇ ಹೋಗಬಹುದು ಎಂದರು ಅವರು. ಆಮೇಲೆ ಕಣ್ಣು ಬಿಟ್ಟು ಬೆನ್ನಿನ ಪ್ರಶ್ನೆ ಕೇಳತೊಡಗಿದರು. ಬೆಳಿಗ್ಗೆ ಏಳುವಾಗ ಬೆನ್ನು ಮರಗಟ್ಟುತ್ತದಾ? ನಡೆದಾಡಿದರೆ ಸಡಿಲವಾಗುತ್ತದಾ? ನನಗೆ ಆಶ್ಚರ್ಯ. ಕಣ್ಣಿಗೂ ಸೊಂಟಕ್ಕೂ ಎಂತ ಸಂಬಂಧ? ಕೆಲವರಲ್ಲಿ ಉಂಟು ಎಂದರು. ಎರಡೂ ಒಂದೇ ಬೇರಿನವು, ರಕ್ತದಲ್ಲಿ ಬರುವಂಥದ್ದು. "ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಹೀಗೆ ಇತ್ತಾ?"

"ಇಲ್ಲ" ಎಂದರು ಇವರು. ಬೇಗ ಹೇಳಿದರು.

ಹೊರಗೆ ಬಂದು ಬೆಂಚಿನಲ್ಲಿ ಕುಳಿತ ಮೇಲೆ, "ನನ್ನ ದೊಡ್ಡ ಮಾವನಿಗೆ ಇತ್ತು ರೈಟ್ರೆ. ಕೊನೆಗೆ ಬಗ್ಗಿಯೇ ನಡೆಯುತ್ತಿದ್ದರು. ಹಗಲಿಗೆ ಭತ್ತದ ಕೋಣೆಯಲ್ಲೇ ಕುಳಿತಿರುತ್ತಿದ್ದರು. ಒಂದು ಕಣ್ಣು ಹೋಗಿತ್ತು" ಎಂದರು. ಮತ್ತೆ ನನ್ನ ಕೈ ಹಿಡಿದುಕೊಂಡರು. "ಯಾರಿಗೂ ಹೇಳಬೇಡಿ. ನನ್ನ ಕೆಲಸ ಹೋಗುತ್ತದೆ ಎಂದಲ್ಲ. ಮನೆಯಲ್ಲಿ ಹುಡುಗಿ ಉಂಟು."

ಇದನ್ನು ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಅಳಿಯಕಟ್ಟು. ಕುಟುಂಬ ಎಂದರೆ ತಾಯಿಯ ಕಡೆ. ಇವರು ಮದುವೆಯಾದವರಲ್ಲ, ಗಂಡ ಸತ್ತ ಅಕ್ಕನನ್ನೂ ಅವಳ ಒಬ್ಬಳೇ ಮಗಳನ್ನೂ ಸಾಕಿದವರು. ಹುಡುಗಿ ಆಗ ಉಡುಪಿಯಲ್ಲಿ ಕಾಲೇಜು ಓದುತ್ತಿದ್ದಳು, ಸಂಬಂಧಗಳು ಬರತೊಡಗಿದ್ದವು. ಅಪ್ಪನಿಗೆ ಎಂತ ಕಾಯಿಲೆ ಇದ್ದರೂ ಅದು ಬೇರೆ ಕುಟುಂಬದ್ದು, ಯಾರೂ ಕೇಳುವುದಿಲ್ಲ. ಸೋದರಮಾವನ ಕಾಯಿಲೆ ಎಂದರೆ ಹಾಗಲ್ಲ, ಅದು ಹುಡುಗಿಯ ಕುಟುಂಬದ್ದೇ. ಹಾಗೆಂದು ನಮ್ಮ ಹಿರಿಯರ ಲೆಕ್ಕ. ಡಾಕ್ಟರಮ್ಮನ ಲೆಕ್ಕದಲ್ಲಿ ಅಪ್ಪ ಅಮ್ಮ ಇಬ್ಬರ ರಕ್ತವೂ ಒಂದೇ. ಅದು ಬೇರೆ ಮಾತು. ಆದರೆ ಕುಡಿತಕ್ಕೆ ಕುಟುಂಬ ಇಲ್ಲ. ಅದು ಕುಡಿದವನೊಬ್ಬನದು. ಅವನ ಜೊತೆ ಬಂದು ಅವನ ಜೊತೆ ಹೋಗುತ್ತದೆ.

"ಹಾಗಾದರೆ ಊರಲ್ಲಿ ಹೇಳುವುದನ್ನು...?"

"ಹೇಳಲಿ ಬಿಡಿ. ಅದರಿಂದ ನನಗೊಬ್ಬನಿಗೆ ನಾಚಿಕೆ. ಇದು ಗೊತ್ತಾದರೆ ಅವಳಿಗೆ."

ಅಂದಿನಿಂದ ಅವರ ಕಣ್ಣಿನ ಹನಿ ಮಣಿಪಾಲದಿಂದ ತಂದುಕೊಡುವ ಕೆಲಸ ನನ್ನದಾಯಿತು. ಒಂದು ಉರಿ ಇಳಿಸುವುದು, ಇನ್ನೊಂದು ಕಣ್ಣಿನ ಪಾಪೆ ಅಗಲ ಮಾಡುವುದು. ಪಾಪೆ ಅಗಲವಾದರೆ ಬೆಳಕು ಇನ್ನೂ ನುಗ್ಗುತ್ತದೆ. ಅದಕ್ಕೇ ಆ ಕಪ್ಪು ಕನ್ನಡಕ. ಕಣ್ಣು ಕೆರಳಿದ ದಿನ ಅವರು ಸ್ಟೇರಿಂಗ್ ಮುಟ್ಟಿದ್ದು ನಾನು ಕಂಡಿಲ್ಲ. ಅರವತ್ತು ಜನರ ಜೀವ ಕುಳಿತಿರುತ್ತದೆ ಹಿಂದೆ, ಎನ್ನುತ್ತಿದ್ದರು. ಆ ಎಚ್ಚರಿಕೆಗೆ ಬೇಕಾದ ರಜೆಯೇ ಅವರಿಗೆ ಕುಡುಕ ಎಂಬ ಹೆಸರು ತಂದದ್ದು. ಮನೆಯಲ್ಲಿ ಅಕ್ಕನಿಗೆ ಸತ್ಯ ಗೊತ್ತಿತ್ತು. ಹುಡುಗಿಗೆ ಹೇಳಿರಲಿಲ್ಲ. ಅವಳೂ ಊರು ನಂಬಿದ್ದನ್ನೇ ನಂಬಿದ್ದಳು. ಕಣ್ಣಿನ ನೋವಿಗೆ ಬಾಗಿಲು ಹಾಕಿ ಮಲಗಿದವರನ್ನು ಅವಳು ಬಾಗಿಲಾಚೆಯಿಂದ ಗಂಜಿಗೆ ಕೂಗುವಳು, ಒಳಗೆ ಬರುತ್ತಿರಲಿಲ್ಲ ಎಂದು ಅಕ್ಕ ಒಮ್ಮೆ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡು ಅತ್ತಿದ್ದರು.

ಕಾಪುವಿನ ಸಂಬಂಧ ಬಂತು. ಹುಡುಗನಿಗೆ ಹೆದ್ದಾರಿಯ ಬದಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಆ ಮನೆಯ ಯಜಮಾನ ಹುಡುಗನ ಸೋದರಮಾವ. ಒಳ್ಳೆಯ ಮಾತುಗಾರ, ಬಹಳ ಜಾಣ. ಹುಡುಗನೂ ಅವನ ತಾಯಿಯೂ ಹುಡುಗಿಯನ್ನು ನೋಡಿ ಹೋದ ಮೇಲೆ ನಮ್ಮಲ್ಲಿ ಎಲ್ಲರೂ ಮಾಡುವುದನ್ನೇ ಈ ಯಜಮಾನರೂ ಮಾಡಿದರು: ಯಾರಿಗೂ ಹೇಳದೆ ಬಂದು ಅಂಗಡಿಯಲ್ಲಿ, ಕಟ್ಟೆಯಲ್ಲಿ ವಿಚಾರಿಸಿದರು. ಕೊನೆಗೆ ಒಂದು ಸಂಜೆ ಮಣಿಪಾಲದಲ್ಲಿ ನಮ್ಮ ಬಸ್ಸನ್ನೇ ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಹಿರಿಯಡಕದಲ್ಲಿ ಚಾ ಕುಡಿಯಲು ಬಸ್ಸು ನಿಂತಾಗ ಅವರೂ ಇಳಿದರು. ಹೋಟೆಲಿನ ಮಾಡಿನ ಅಡಿಯಲ್ಲಿ ನಾವು ಮೂವರು, ಕೈಯಲ್ಲಿ ಚಾ.

"ನಾನು ಕಾಪುವಿನವ" ಎಂದು ಶುರು ಮಾಡಿದರು.

"ಟಿಕೇಟು ತೆಗೆಯುವಾಗಲೇ ಗೊತ್ತಾಯಿತು" ಎಂದರು ಇವರು. "ಮಾವನವರು ರಸ್ತೆ ನೋಡುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಿರಲ್ವಾ?"

ಅವರು ನಕ್ಕರು. "ಬೇಸರ ಮಾಡಬಾರದು. ಹುಡುಗಿ ನಮಗೆಲ್ಲ ಮನಸ್ಸಿಗೆ ಬಂದಿದೆ. ಆದರೆ ನಿಮ್ಮ ವಿಷಯ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೆಚ್ಚಿನವರು ಕುಡಿತ ಎನ್ನುತ್ತಾರೆ. ಒಬ್ಬಳು ಅಜ್ಜಿ ಮಾತ್ರ, ಹಾಗಲ್ಲ, ಅವನ ದೊಡ್ಡ ಮಾವನಿಗೂ ಹೀಗೇ ಕಣ್ಣು ಕೆಂಪಾಗುತ್ತಿತ್ತು, ಅದು ಕುಟುಂಬದ್ದು ಎಂದಳು. ಎಂತದು? ನೀವೇ ಹೇಳಿಬಿಡಿ."

ಇವರು ಚಾ ಕೆಳಗಿಟ್ಟರು. ಕಣ್ಣು ಆಗ ತಾನೇ ಗುಣವಾಗುತ್ತಿದ್ದ ದಿನಗಳು, ಕನ್ನಡಕ ಇತ್ತು. ಅದನ್ನು ತೆಗೆದು ಅಂಗಿಯ ತುದಿಗೆ ಒರೆಸಿದರು. ಇನ್ನೂ ಕೆಂಪಾಗಿದ್ದ ಕಣ್ಣನ್ನು ಎತ್ತಿ ಅವರನ್ನೇ ನೋಡಿದರು.

"ಅಜ್ಜಿಗೆ ಎಂತ ಗೊತ್ತು ಮಾರಾಯ್ರೆ? ನಾನು ಕುಡಿಯುವುದು. ಸಂಬಂಧದ ವಿಷಯದಲ್ಲಿ ಸುಳ್ಳು ಹೇಳಬಾರದಲ್ವಾ?"

ಕಾಪುವಿನವರ ಮುಖ ಅರಳಿತು. ನಿಜವಾಗಿಯೂ ಅರಳಿತು. "ಅಷ್ಟೇಯಾ! ನಾನು ಎಂತದೋ ಎಂದು ಹೆದರಿದ್ದೆ. ಕುಡಿಯದವರು ಯಾರಿದ್ದಾರೆ? ನಾನೂ ಆದಿತ್ಯವಾರ ಒಂದೆರಡು ತೆಗೆಯುವವನೇ. ಅದೂ ನೀವು ಮುಖಕ್ಕೆ ಮುಖ ಕೊಟ್ಟು ಒಪ್ಪಿಕೊಂಡಿರಿ. ಇಂಥ ಪ್ರಾಮಾಣಿಕರು ಸಿಗುವುದಿಲ್ಲ" ಎಂದು ಚಾದ ದುಡ್ಡನ್ನೂ ತಾವೇ ಕೊಟ್ಟರು.

ಮತ್ತೆ ಬಸ್ಸು ಹೊರಟಿತು. ಕಾರ್ಕಳದವರೆಗೆ ಡ್ರೈವರು ರಸ್ತೆಯಿಂದ ಕಣ್ಣು ಕೀಳಲಿಲ್ಲ. ನನಗೂ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಬೇರೆಯವರ ನಾಚಿಕೆ ನೋಡಿದರೆ ನಮ್ಮ ಮೈಯೂ ಬಿಸಿಯಾಗುತ್ತದೆ. ಇಂಜಿನಿನ ಬಿಸಿ ಅದರ ಮುಂದೆ ಏನೂ ಅಲ್ಲ.

ಮದುವೆ ಆಯಿತು. ಧಾರೆಯ ಹೊತ್ತಿಗೆ ವಿಡಿಯೊದವನ ದೀಪ ಸೀದಾ ಅವರ ಮುಖಕ್ಕೆ ಬಿತ್ತು. ಆ ಕಾಲದ ವಿಡಿಯೊ ದೀಪ ಎಂದರೆ ಹತ್ತಿರ ನಿಂತವರ ಕೂದಲು ಸುಡುವಂಥದ್ದು. ಶುಭಕಾರ್ಯಕ್ಕೆ ಕಪ್ಪು ಕನ್ನಡಕ ಬೇಡ ಎಂದು ಯಾರೋ ಮೊದಲೇ ತೆಗೆಸಿದ್ದರು. ಕಣ್ಣಿನಿಂದ ಧಾರಾಕಾರ ನೀರು. ಹೆಂಗಸರು, "ನೋಡಿ, ಎಷ್ಟು ಕುಡಿದರೂ ಕರುಳು ಎಲ್ಲಿ ಹೋಗುತ್ತದೆ?" ಎಂದು ತಾವೂ ಕಣ್ಣು ಒರೆಸಿಕೊಂಡರು.

ಮದುವೆ ಕಳೆದು ಕಾಪುವಿನ ಮನೆಯಲ್ಲಿ ಬೀಗರ ಊಟ. ನಡುಮಧ್ಯಾಹ್ನ. ಕಡಲಿಗೆ ಹತ್ತಿರದ ಮನೆ, ಅಂಗಳವೆಲ್ಲ ಕಡಲ ಮರಳಿನ ಬಿಳಿ ಹೊಯಿಗೆ. ಕೆಳಗಿನಿಂದಲೇ ಬಿಸಿಲು ಕಣ್ಣಿಗೆ ಹಾರುತ್ತಿತ್ತು. ಹಿತ್ತಿಲಿನ ತೆಂಗಿನ ಮರದಡಿ ಗಂಡಸರಿಗೆ ಬೇರೆ ಏರ್ಪಾಡು. ಹುಡುಗನ ಮಾವನವರು ಇವರ ಹೆಗಲಿಗೆ ಕೈ ಹಾಕಿ ಕರೆದುಕೊಂಡು ಹೋದರು. ನನ್ನನ್ನೂ ಎಳೆದರು, ನಾನು ಪಿತ್ತದವನು ಎಂದು ತಪ್ಪಿಸಿಕೊಂಡೆ. ಇವರಿಗೆ ಯಾವ ಪಿತ್ತದ ನೆಪವೂ ಇರಲಿಲ್ಲ.

"ಇದು ನಿಮಗೆಂದೇ ಗಲ್ಫಿನಿಂದ ತರಿಸಿದ್ದು. ಇಲ್ಲಿ ಯಾರಿಗೂ ಒಂದು ಹನಿ ಕೊಡಲಿಲ್ಲ" ಎಂದು ಅರ್ಧ ಗ್ಲಾಸಿಗೆ ಹೊಯ್ದು ಕೈಗೆ ಕೊಟ್ಟರು. ಎಲ್ಲರೂ ನೋಡುತ್ತಿದ್ದರು. ಇವರು ಒಮ್ಮೆ ನನ್ನ ಕಡೆ ಮುಖ ಮಾಡಿದರು. ಕನ್ನಡಕದ ಹಿಂದೆ ಎಂತ ಇತ್ತೋ ಕಾಣಲಿಲ್ಲ. ಮತ್ತೆ ಕಷಾಯ ಕುಡಿಯುವ ಹಾಗೆ ಉಸಿರು ಕಟ್ಟಿ, ನೀರು ಕೂಡ ಬೆರೆಸದೆ, ಒಂದೇ ಗುಟುಕಿಗೆ ಇಳಿಸಿದರು.

"ನೋಡಿದಿರಾ! ಅನುಭವ ಎಂದರೆ ಅದು!" ಎಂದು ಮಾವನವರು ತೊಡೆ ತಟ್ಟಿದರು. ಚಪ್ಪಾಳೆ ಬಿತ್ತು.

ಸ್ವಲ್ಪ ಹೊತ್ತಿಗೆ ಬಾವಿಕಟ್ಟೆಯ ಆಚೆ ಅವರು ಬಗ್ಗಿ ಕಕ್ಕುತ್ತಿದ್ದರು. ಆ ಬಗ್ಗದ ಸೊಂಟಕ್ಕೆ ಅದೇ ದೊಡ್ಡ ಶಿಕ್ಷೆ. ನಾನು ಕೊಡಪಾನದಿಂದ ನೀರು ಹೊಯ್ದೆ. ಬಾಯಿ ತೊಳೆದು, ಗೋಡೆಗೆ ಒರಗಿ ಕೇಳಿದರು:

"ರೈಟ್ರೆ, ಇದನ್ನು ಜನ ದುಡ್ಡು ಕೊಟ್ಟು ಯಾಕೆ ಕುಡಿಯುತ್ತಾರೆ?"

ನಾನು ನಕ್ಕುಬಿಟ್ಟೆ. ಅವರೂ ನಕ್ಕರು. ಅಷ್ಟರಲ್ಲಿ ಹುಡುಗಿ, ಮದುಮಗಳ ಸೀರೆಯಲ್ಲಿ, ಹಿತ್ತಿಲ ಬಾಗಿಲಿಗೆ ಬಂದಳು. ಮಾವನ ಅಂಗಿಯ ಮೇಲಿದ್ದ ವಾಂತಿಯನ್ನು ಕಂಡಳು. "ಇವತ್ತೊಂದು ದಿನ ಬಿಡಬಹುದಿತ್ತಲ್ವಾ?" ಎಂದು ಹೇಳಿ ಒಳಗೆ ಹೋದಳು. ಇವರ ನಗು ಹಾಗೇ ಮುಖದಲ್ಲಿ ನಿಂತುಬಿಟ್ಟಿತು.

ಆಮೇಲೆ ಕೆಲವು ವರ್ಷ ಎಲ್ಲವೂ ಸರಿಯಾಗಿಯೇ ಹೋಯಿತು. ಹುಡುಗಿಗೆ ಒಂದು ಮಗುವಾಯಿತು, ಮತ್ತೊಂದಾಯಿತು. ಇವರ ಬೆನ್ನು ಇನ್ನು ಆಗುವುದಿಲ್ಲ ಎಂದಾಗ ಬಸ್ಸು ಬಿಟ್ಟು ಮನೆಯಲ್ಲಿ ಎರಡು ದನ ಕಟ್ಟಿಕೊಂಡು ಇದ್ದರು. ಕಾಪುವಿಗೆ ಹೋಗುವುದೆಂದರೆ ಹಿಂಜರಿಯುತ್ತಿದ್ದರು. ಹೋದರೆ ಗ್ಲಾಸು ಬರುತ್ತದೆ. ಈಗ ಬಿಟ್ಟಿದ್ದೇನೆ ಎಂದು ಹೇಳಿದರೂ ಮಾವನವರು, "ಬಿಟ್ಟವರಿಗೆ ಸಣ್ಣ ಗ್ಲಾಸು" ಎನ್ನುವವರು. ಅದನ್ನು ಇವರು ಯಾರೂ ಕಾಣದ ಹಾಗೆ ತೆಂಗಿನ ಬುಡಕ್ಕೆ ಹೊಯ್ದುಬಿಡುತ್ತಿದ್ದರು.

ಒಂದು ಆದಿತ್ಯವಾರ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಬಂದು ನಿಂತರು. ಆಗಲೇ ಬಿಳಿ ಪಂಚೆ ಉಟ್ಟು ತಯಾರಾಗಿದ್ದರು.

"ಕಾಪುವಿನಿಂದ ಅಕ್ಕನಿಗೆ ಫೋನು ಬಂದಿತ್ತು. ಮಗುವಿಗೆ ಕಣ್ಣುಬೇನೆ ಉಂಟಂತೆ, ಅವಳಿಗೆ ತಾಗಿದೆಯಂತೆ. ಆದರೆ ರೈಟ್ರೆ, ಅವಳ ಕಣ್ಣಿನಲ್ಲಿ ಗೀಜು ಇಲ್ಲವಂತೆ. ಬೆಳಕು ಕಂಡರೆ ಆಗುವುದಿಲ್ಲವಂತೆ. ಕಿಟಕಿಗೆ ಕಂಬಳಿ ಕಟ್ಟಿಸಿದ್ದಾಳಂತೆ."

ನನಗೆ ಅರ್ಥವಾಯಿತು. "ನಡೆಯಿರಿ, ಹೋಗಿ ಹೇಳುವ."

"ಹೋಗಿ ಹೇಳಿದರೆ ನಂಬಬೇಕಲ್ವಾ? ಕುಡಿಯುವವನು ನಾನು ಕುಡಿಯುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಅದಕ್ಕೇ ನಿಮ್ಮನ್ನು ಕರೆಯಲು ಬಂದದ್ದು. ಇಸ್ತ್ರಿ ಹಾಕಿದ ಅಂಗಿ ಹಾಕಿಕೊಳ್ಳಿ."

ಕಾಪು ಮುಟ್ಟುವಾಗ ಬಿಸಿಲು ಏರಿತ್ತು. ಜಗಲಿಯಲ್ಲಿ ಮಾವನವರು ಪೇಪರು ಓದುತ್ತಿದ್ದರು. "ಓ, ಇಷ್ಟು ಬೆಳಿಗ್ಗೆಯೇ! ಒಳಗೆ ಉಂಟು, ತೆಗೆಯುವುದಾ?" ಎಂದು ಎಂದಿನ ತಮಾಷೆ. ಇವರು ಅಂಗಳದ ಹೊಯಿಗೆಯಲ್ಲೇ ನಿಂತರು.

"ಹತ್ತಿ ಬನ್ನಿ ಮಾರಾಯ್ರೆ."

"ಹತ್ತಿ ಕುಳಿತರೆ ಹೇಳಲಿಕ್ಕಾಗುವುದಿಲ್ಲ. ಹುಡುಗಿಯ ಕಣ್ಣು ಹೇಗುಂಟು?"

ಉತ್ತರ ಕೊಟ್ಟದ್ದು ಹುಡುಗಿಯ ಅತ್ತೆ, ಒಳಗಿನಿಂದ ಬಂದು. "ಕಣ್ಣುಬೇನೆ, ನಾಲ್ಕು ದಿನಕ್ಕೆ ಹೋಗುತ್ತದೆ. ನಂದಿಬಟ್ಟಲು ಹೂವಿನ ನೀರಿನಲ್ಲಿ ತೊಳೆಯುತ್ತೇವೆ. ಅವಳದೇ ಮೊಲೆಹಾಲು ಹಿಂಡಿ ಬಿಡುತ್ತೇವೆ. ಒಳಗೆ ಹೋಗಬೇಡಿ, ನೋಡಿದರೆ ತಾಗುತ್ತದೆ."

"ಅದು ನೋಡಿದರೆ ತಾಗುವುದಲ್ಲ" ಎಂದರು ಇವರು. ಕೈ ಎರಡನ್ನೂ ಮುಂದೆ ಕಟ್ಟಿಕೊಂಡು, ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ ನಿಂತಿದ್ದರು. "ನನ್ನಿಂದ ಬಂದದ್ದು. ನನಗೆ ಇರುವುದು ಅದೇ. ನನ್ನ ದೊಡ್ಡ ಮಾವನಿಗೆ ಇದ್ದದ್ದೂ ಅದೇ. ಹಿರಿಯಡಕದಲ್ಲಿ ನಾನು ನಿಮಗೆ ಸುಳ್ಳು ಹೇಳಿದೆ. ನಾನು ಕುಡಿಯುವವನಲ್ಲ."

ಮಾವನವರು ಪೇಪರು ಮಡಚಿದರು. "ನಾನೇ ಹೊಯ್ದು ಕೊಟ್ಟಿದ್ದೇನೆ, ನನ್ನ ಕಣ್ಣೆದುರೇ ಕುಡಿದಿದ್ದೀರಿ!"

"ನೀವು ಕೊಟ್ಟದ್ದಕ್ಕೆ ಕುಡಿದೆ. ಅದೊಂದೇ ಸಲ."

ಅವರು ನನ್ನ ಕಡೆ ತಿರುಗಿದರು. ನಾನು ಎಲ್ಲ ಹೇಳಿದೆ: ಆಸ್ಪತ್ರೆ, ಡಾಕ್ಟರಮ್ಮ, ಹನಿ ಔಷಧ, ಬೆನ್ನು. ಹೇಳಿ ಮುಗಿದ ಮೇಲೆ ಅವರು ನಿಧಾನವಾಗಿ ಕೇಳಿದರು: "ನೀವೂ ಅಂದು ಅಲ್ಲೇ ಚಾ ಕುಡಿಯುತ್ತಾ ನಿಂತಿದ್ದಿರಲ್ವಾ?" ಇಸ್ತ್ರಿ ಹಾಕಿದ ಅಂಗಿ ನನ್ನ ಬೆನ್ನಿಗೆ ಅಂಟಿಕೊಂಡಿತು.

"ರೋಗ ಮುಚ್ಚಿಟ್ಟು ಹುಡುಗಿಯನ್ನು ಕೊಟ್ಟಿರಿ" ಎಂದರು ಮಾವನವರು. ಸ್ವರ ಏರಿರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು.

"ಹೌದು."

"ಮಕ್ಕಳಿಗೂ ಬರುತ್ತದಾ?"

"ಬರಬಹುದು. ಬಾರದೆಯೂ ಇರಬಹುದು. ನನ್ನ ಅಕ್ಕನಿಗೆ ಬರಲಿಲ್ಲ. ಇವಳಿಗೂ ಬಾರದು ಎಂದುಕೊಂಡಿದ್ದೆ."

ಮುಂದೆ ಎಂತ ಆಗುತ್ತಿತ್ತೋ. ಅತ್ತೆ ಮೆಟ್ಟಿಲಿಳಿದು ಬಂದರು. "ಅಣ್ಣಾ, ನಿಮ್ಮ ನ್ಯಾಯ ಪಂಚಾಯಿತಿ ಎಲ್ಲ ಆಮೇಲೆ ಮಾಡಿ. ಆ ಬದಿಯ ಕಣ್ಣು ಮಂಜು ಮಂಜು ಎಂದು ನಿನ್ನೆಯಿಂದ ಹೇಳುತ್ತಿದ್ದಾಳೆ. ವ್ಯಾನಿನ ಬೀಗದ ಕೈ ಎಲ್ಲಿ?"

ಕಣ್ಣು ಉಳಿಯಿತು. ಇನ್ನೂ ಒಂದೆರಡು ದಿನ ಹೂವಿನ ನೀರು ಬಿಟ್ಟಿದ್ದರೆ ಹೇಳುವ ಹಾಗಿರಲಿಲ್ಲ ಎಂದರು ಡಾಕ್ಟರು. ಮಣಿಪಾಲದ ಆಸ್ಪತ್ರೆಯ ಜಗಲಿಯಲ್ಲಿ ಮಾವನವರು ಬಹಳ ಹೊತ್ತು ಅತ್ತಿತ್ತ ನಡೆದರು. ಮತ್ತೆ ಇವರ ಮುಂದೆ ಬಂದು ನಿಂತರು. "ಗೊತ್ತಿದ್ದರೆ ನಾವು ಈ ಹುಡುಗಿಯನ್ನು ತರುತ್ತಿರಲಿಲ್ಲ. ಅಷ್ಟು ಒಳ್ಳೆಯ ಹುಡುಗಿ ನಮಗೆ ತಪ್ಪುತ್ತಿದ್ದಳು. ಅದಕ್ಕೆ ನಾನು ನಿಮ್ಮನ್ನು ಬೈಯುವುದಿಲ್ಲ. ಆದರೆ ನಿಮ್ಮ ಮುಖ ನೋಡಲಿಕ್ಕೆ ನನಗೆ ಸ್ವಲ್ಪ ಸಮಯ ಕೊಡಿ" ಎಂದರು. "ಮತ್ತೊಂದು. ನಮ್ಮ ಮನೆಯಲ್ಲೂ ಮದುವೆಯಾಗಬೇಕಾದ ಮಕ್ಕಳಿದ್ದಾರೆ. ಈ ಮಾತು ಇಲ್ಲಿಗೇ ನಿಲ್ಲಲಿ. ಊರಿಗೆ ಕುಡಿತದ ಕಥೆಯೇ ಇರಲಿ."

ಇವರು ತಲೆಯಾಡಿಸಿದರು. ಆ ಹೆಸರು ಅವರಿಗೆ ಎರಡನೆಯ ಸಲ ಸಿಕ್ಕಿತು. ಮೊದಲ ಸಲ ತಾವೇ ತೆಗೆದುಕೊಂಡದ್ದು, ಈಗ ಕೊಟ್ಟದ್ದು.

ಕಾಪುವಿಗೆ ಹಿಂದೆ ಹೋಗುವಾಗ ಮಾವನವರು ವ್ಯಾನು ಬಿಡುತ್ತಿದ್ದರು, ನಾನು ಅವರ ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಇವರು ಮತ್ತು ಹುಡುಗಿ. ಅವಳು ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು ಕುಳಿತಿದ್ದಳು. ಉಡುಪಿ ದಾಟಿದ ಮೇಲೆ ಸೆರಗಿನ ಒಳಗಿನಿಂದಲೇ ಅವಳ ಸ್ವರ ಬಂತು.

"ನನಗಾದರೂ ಹೇಳಬೇಕಿತ್ತಲ್ವಾ ಮಾವ?"

"ನೀನು ನಂಬಿದ್ದಕ್ಕೇ ಅಲ್ವಾ ಮಗಾ, ಅವರೆಲ್ಲ ನಂಬಿದ್ದು?"

ಅವಳು ಅಳುತ್ತಿದ್ದಳೋ, ಕಣ್ಣಿನ ನೀರೋ ನನಗೆ ಗೊತ್ತಾಗಲಿಲ್ಲ. "ನಿಮ್ಮ ಬಸ್ಸಿನಲ್ಲಿ ಕಾಲೇಜಿಗೆ ಹೋಗುವಾಗ ನಾನು ಹಿಂದಿನ ಸೀಟಿಗೇ ಹೋಗುತ್ತಿದ್ದೆ. ನೀವು ಕನ್ನಡಕ ಹಾಕಿಕೊಂಡು ಬಂದ ದಿನ ಮುಖ ಕಿಟಕಿಯ ಹೊರಗೆ ಹಾಕಿ ಕುಳಿತುಕೊಳ್ಳುತ್ತಿದ್ದೆ. ಜೊತೆಯವರು ಯಾರೇ ಅದು ಡ್ರೈವರು ಎಂದು ಕೇಳಿದರೆ, ನನಗೆ ಗುರ್ತ ಇಲ್ಲ ಎನ್ನುತ್ತಿದ್ದೆ. ನಿಮಗೆ ಗೊತ್ತಿಲ್ಲ ಅದು."

ವ್ಯಾನು ಕಟಪಾಡಿ ದಾಟಿತು. ಇವರು ಅವಳ ಸೆರಗು ಗಾಳಿಗೆ ಹಾರದ ಹಾಗೆ ತುದಿಯನ್ನು ಹಿಡಿದುಕೊಂಡಿದ್ದರು.

"ಗೊತ್ತುಂಟು ಮಗಾ" ಎಂದರು. "ಡ್ರೈವರನ ಕನ್ನಡಿಯಲ್ಲಿ ಹಿಂದಿನ ಸೀಟು ಕಾಣುತ್ತದೆ."